ಹಿರಿಯರು ಹೆಚ್ಚುವ ಕಾಲಕ್ಕೆ ನಮ್ಮ ಮನೆಗಳು ಸಿದ್ಧವಿವೆಯೇ?

ಕಳೆದ ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಒಂದು ಹಳ್ಳಿಯಲ್ಲಿ ನಾವು ಆರೋಗ್ಯ ತಪಾಸಣೆ ನಡೆಸಿದೆವು. ಬೆಳಗಿನ ಎಂಟಕ್ಕೇ ಬೇವಿನ ಗಿಡದ ಕಟ್ಟೆಯ ಮೇಲೆ ಜನ ಬಂದು ಕುಳಿತಿದ್ದರು. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗ ಮಧ್ಯಾಹ್ನ ಪಟ್ಟಿಯನ್ನು ನಮ್ಮ ಮುಂದಿಟ್ಟಾಗ ವಯಸ್ಸಿನ ಸಾಲಿನ ಮೇಲೆ ಕಣ್ಣಾಡಿಸಿದೆವು: 62, 71, 68, 80, 66, 74. ಹಾಳೆ ಮಗುಚಿದರೂ ಅದೇ. ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಕಟ್ಟೆಯ ಮೇಲೆ ನಮ್ಮ ಮುಂದೆ ಬರುತ್ತಿದ್ದವರು ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು. ಆಗಿನ ದೂರುಗಳು ವಾಂತಿ, ಭೇದಿ, ದಡಾರ. ಈಗಿನ ದೂರುಗಳು ಮೊಣಕಾಲು, ಸಕ್ಕರೆ, ರಕ್ತದೊತ್ತಡ, ಕಣ್ಣು, ನಿದ್ದೆ.

ಆ ಸಾಲಿನಲ್ಲಿ ಎಪ್ಪತ್ತಾರರ ಒಬ್ಬ ಅಜ್ಜಿಯಿದ್ದರು. ಯುಗಾದಿಯಿಂದೀಚೆಗೆ ಮೂರು ಸಲ ಬಿದ್ದಿದ್ದರು. ಕೈಹಿಡಿದು ಕರೆತಂದವಳು ಮಗಳೂ ಅಲ್ಲ, ಸೊಸೆಯೂ ಅಲ್ಲ, ಪಕ್ಕದ ಮನೆಯ ಹುಡುಗಿ. ಮಕ್ಕಳ ಬಗ್ಗೆ ವಿಚಾರಿಸಿದಾಗ ಅಜ್ಜಿ ಯಾರನ್ನೂ ದೂರಲಿಲ್ಲ. "ಮಗ ಪುಣೆದಾಗ ಅದಾನ್ರಿ, ಮಗಳು ಬೆಂಗಳೂರಾಗ ಅದಾಳ್ರಿ. ದಿನಾ ಫೋನ್ ಮಾಡ್ತಾರ. ಮಾರಿ ಕಾಣತೈತ್ರಿ, ಕೈ ಸಿಗೂದಿಲ್ಲ" ಎಂದರು.

ಜನಸಂಖ್ಯೆಯ ಸ್ವರೂಪ ಬದಲಾಗುತ್ತಿದೆ ಎಂದು ವಿದ್ವಾಂಸರು ಗ್ರಂಥಗಳಲ್ಲಿ ಬರೆಯುವುದನ್ನು ಆ ತಾಯಿ ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಈ ಸಂಚಿಕೆಯಲ್ಲಿ ಆ ವಿಷಯವನ್ನೇ ಸದ್ಭಕ್ತರ ಮುಂದಿಡಬಯಸುತ್ತೇವೆ. ಆರೋಗ್ಯದ ಅಂಕಣದಲ್ಲಿ ಇದಕ್ಕೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಮುಂದಿನ ಇಪ್ಪತ್ತೈದು ವರ್ಷ ನಮ್ಮ ಮನೆಗಳ ಆರೋಗ್ಯವನ್ನು ನಿರ್ಧರಿಸುವ ಸಂಗತಿಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾವು ಕಾಣೆವು.

ಜನಸಂಖ್ಯೆ ಎಂದೊಡನೆ ನಮ್ಮ ತಲೆಮಾರಿನವರ ಕಣ್ಮುಂದೆ ಬರುವುದು ಆಸ್ಪತ್ರೆಯ ಗೋಡೆಯ ಮೇಲಿನ ಕೆಂಪು ತ್ರಿಕೋನ. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ನಮ್ಮ ನಾಡಿಗೆ ಈ ವಿಚಾರ ಹೊಸದೇನಲ್ಲ. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸರಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯವನ್ನು ತೆರೆದಿತ್ತು. ಜಗತ್ತಿನಲ್ಲಿ ಸರಕಾರವೇ ಇಂಥ ಕಾರ್ಯಕ್ಕೆ ಕೈಹಾಕಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಭಾರತ ಸರಕಾರದ ಕುಟುಂಬ ಯೋಜನೆ 1952ರಲ್ಲಿ ಆರಂಭವಾಯಿತು. ಅಂದು ಕೂಗಿ ಕೂಗಿ ಹೇಳಿದ ಮಾತನ್ನು ಜನ ಕೇಳಿದರು ಎಂಬುದನ್ನು ಮಾತ್ರ ನಾವಿನ್ನೂ ಸರಿಯಾಗಿ ಮನಗಂಡಿಲ್ಲ.

ಒಂದು ತಲೆಮಾರು ತನ್ನಷ್ಟೇ ಗಾತ್ರದ ಮುಂದಿನ ತಲೆಮಾರನ್ನು ಬಿಟ್ಟುಹೋಗಬೇಕಾದರೆ ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳಾಗಬೇಕು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 2.9ರ ಸಮೀಪವಿತ್ತು. 2019-21ರ ಸಮೀಕ್ಷೆಯಲ್ಲಿ ಅದು 1.7ಕ್ಕೆ ಇಳಿದಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳು ಇನ್ನೂ ಸ್ವಲ್ಪ ಹೆಚ್ಚು, ಕರಾವಳಿ ಮತ್ತು ದಕ್ಷಿಣದ ಜಿಲ್ಲೆಗಳಲ್ಲಿ ಕಡಿಮೆ; ಆದರೆ ಇಳಿಜಾರು ಎಲ್ಲೆಡೆಯದು. ಇನ್ನೊಂದೆಡೆ ಆಯುಷ್ಯ ಬೆಳೆದಿದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಜೀವಿತಾವಧಿ 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70 ಮುಟ್ಟಿದೆ. ಸಿಡುಬು ಹೋಯಿತು, ಪೋಲಿಯೊ ಹೋಯಿತು, ಹೆರಿಗೆಯಲ್ಲಿ ತಾಯಿ ಸಾಯುವುದು ಬಹಳ ಕಡಿಮೆಯಾಯಿತು. ಇದನ್ನು ಸಂಕಟವೆಂದು ಕರೆಯುವವರ ಮಾತನ್ನು ನಾವು ಒಪ್ಪುವುದಿಲ್ಲ. ಎರಡು ತಲೆಮಾರುಗಳ ವೈದ್ಯರು, ದಾದಿಯರು, ಸೂಲಗಿತ್ತಿಯರು, ಅಂಗನವಾಡಿಯ ತಾಯಂದಿರು ದುಡಿದು ಗಳಿಸಿದ ಫಲವಿದು.

ಆದರೆ ಮಕ್ಕಳು ಕಡಿಮೆಯಾಗಿ ಆಯುಷ್ಯ ಹೆಚ್ಚಾದರೆ ಸಮಾಜದ ಆಕಾರವೇ ಬದಲಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ 9.5. 2031ಕ್ಕೆ ಅದು ನೂರಕ್ಕೆ 15ರಷ್ಟಾಗಬಹುದೆಂದು ಅಧಿಕೃತ ಅಂದಾಜು. ಕೇರಳ ನಮಗಿಂತ ಬಹಳ ಮುಂದಿದೆ. ಅಲ್ಲಿ ಆ ಹೊತ್ತಿಗೆ ಐವರಲ್ಲಿ ಒಬ್ಬರು ಹಿರಿಯ ನಾಗರಿಕರು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2050ಕ್ಕೆ ಇಡೀ ಭಾರತವೇ ಆ ಸ್ಥಿತಿಗೆ ತಲುಪುತ್ತದೆ; ಅಂದಿನ ಹಿರಿಯರ ಸಂಖ್ಯೆ ಸುಮಾರು 34 ಕೋಟಿ 70 ಲಕ್ಷ.

ಕೋಟಿಗಳ ಲೆಕ್ಕ ಮನಸ್ಸಿಗೆ ನಾಟುವುದಿಲ್ಲ. ಮನೆಯ ಲೆಕ್ಕ ಹಾಕೋಣ. ನಮ್ಮ ಅಜ್ಜಂದಿರಿಗೆ ಐದಾರು ಮಕ್ಕಳು. ಮುಪ್ಪಿನಲ್ಲಿ ಅವರು ಹಾಸಿಗೆ ಹಿಡಿದರೆ ಒಬ್ಬ ಸೊಸೆ ನೀರು ಕಾಯಿಸುವಳು, ಇನ್ನೊಬ್ಬಳು ಗಂಜಿ ಮಾಡುವಳು, ಮೊಮ್ಮಗ ಔಷಧಿ ತರುವನು, ಮಗಳು ತಿಂಗಳೆರಡು ತಿಂಗಳು ಬಂದು ಇರುವಳು. ಹಾಸಿಗೆ ಹಿಡಿದ ಮೇಲೆ ಬಹುಪಾಲು ಜನ ಬಹಳ ಕಾಲ ಬದುಕುತ್ತಲೂ ಇರಲಿಲ್ಲ. ಇಂದು ಒಬ್ಬನೇ ಮಗ ಒಬ್ಬಳೇ ಮಗಳನ್ನು ಮದುವೆಯಾದರೆ ಆ ದಂಪತಿಯ ಹೆಗಲ ಮೇಲೆ ನಾಲ್ವರು ಹಿರಿಯರು. ಆ ನಾಲ್ವರೂ ಎಂಬತ್ತು ದಾಟುವುದು ಈಗ ಅಪರೂಪವಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯಲೇಬೇಕಾದ ಊರಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಇದನ್ನು ನಿಭಾಯಿಸುವುದು ಹೇಗೆ? ಮಕ್ಕಳಿಗೆ ಸಂಸ್ಕಾರವಿಲ್ಲ ಎಂದು ಬೈದು ಮುಗಿಸುವುದು ಸುಲಭ. ನಾವು ಕಂಡ ಅನೇಕ ಮನೆಗಳಲ್ಲಿ ಕೊರತೆಯಿದ್ದದ್ದು ಪ್ರೀತಿಯದಲ್ಲ, ಕೈಗಳದು.

ಇದೇ ಹಾದಿಯಲ್ಲಿ ನಮಗಿಂತ ಮೊದಲು ನಡೆದ ದೇಶ ಜಪಾನ್. ಅಲ್ಲಿ ಅರವತ್ತೈದು ದಾಟಿದವರು 1970ರಲ್ಲಿ ನೂರಕ್ಕೆ 7 ಇದ್ದರು. 1994ರ ಹೊತ್ತಿಗೆ 14 ಆದರು. ಇಷ್ಟೇ ದೂರ ಕ್ರಮಿಸಲು ಫ್ರಾನ್ಸ್ ದೇಶಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿದಿತ್ತು. ಈಗ ಜಪಾನಿನಲ್ಲಿ ಆ ಪ್ರಮಾಣ ನೂರಕ್ಕೆ 29. ಶಿಕೋಕು ದ್ವೀಪದ ಬೆಟ್ಟಗಳ ನಡುವೆ ನಾಗೊರೊ ಎಂಬ ಹಳ್ಳಿಯಿದೆ. ಊರು ಬಿಟ್ಟುಹೋದವರ, ತೀರಿಕೊಂಡವರ ನೆನಪಿಗೆ ಅಲ್ಲಿಯ ಮಹಿಳೆಯೊಬ್ಬರು ಆಳೆತ್ತರದ ಬಟ್ಟೆಯ ಗೊಂಬೆಗಳನ್ನು ಮಾಡಿ ಹೊಲದಲ್ಲಿ, ಬಸ್ ನಿಲ್ದಾಣದಲ್ಲಿ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಬೆಂಚುಗಳ ಮೇಲೆ ಕೂರಿಸಿದ್ದಾರೆ. ಈಗ ಅಲ್ಲಿ ಮನುಷ್ಯರಿಗಿಂತ ಗೊಂಬೆಗಳೇ ಹೆಚ್ಚು.

ಆದರೂ ಜಪಾನ್ ಕೈಕಟ್ಟಿ ಕುಳಿತಿಲ್ಲ. 2000ದಲ್ಲಿ ಆ ದೇಶ ದೀರ್ಘಕಾಲದ ಆರೈಕೆಗೆಂದೇ ಪ್ರತ್ಯೇಕ ವಿಮೆಯನ್ನು ಜಾರಿಗೆ ತಂದಿತು. ನಲವತ್ತು ತುಂಬಿದ ಪ್ರತಿಯೊಬ್ಬರೂ ಅದಕ್ಕೆ ವಂತಿಗೆ ಕಟ್ಟಬೇಕು; ಖರ್ಚಿನ ಅರ್ಧ ಭಾಗ ತೆರಿಗೆಯ ಹಣದಿಂದ ಬರುತ್ತದೆ. ಮುಪ್ಪಿನಲ್ಲಿ ಸ್ನಾನ ಮಾಡಿಸಲು ಮನೆಗೇ ಸಹಾಯಕಿ ಬರುತ್ತಾಳೆ. ಹಗಲು ಹೊತ್ತು ಹಿರಿಯರನ್ನು ವಾಹನದಲ್ಲಿ ಕರೆದೊಯ್ದು, ಊಟ ಕೊಟ್ಟು, ವ್ಯಾಯಾಮ ಮಾಡಿಸಿ, ಸಂಜೆ ಮನೆಗೆ ಬಿಡುವ ಕೇಂದ್ರಗಳಿವೆ. ಅಲ್ಲಿಯೂ ಆರೈಕೆ ಮಾಡುವವರ ಕೊರತೆ ತೀವ್ರವಾಗಿದ್ದು, ಇಂಡೊನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂಗಳಿಂದ ಯುವಜನರನ್ನು ಕರೆಸಿಕೊಳ್ಳುತ್ತಿದ್ದಾರೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ಜಪಾನ್ ಮೊದಲು ಸಿರಿವಂತವಾಗಿ ಆಮೇಲೆ ಮುಪ್ಪಾಯಿತು. ನಮ್ಮ ಹಿರಿಯರಲ್ಲಿ ಬಹುಪಾಲು ಜನ ಹೊಲದಲ್ಲಿ, ಮಗ್ಗದಲ್ಲಿ, ಅಂಗಡಿಯಲ್ಲಿ ದುಡಿದವರು. ತಿಂಗಳ ಕೊನೆಗೆ ಬರುವ ನಿವೃತ್ತಿ ವೇತನ ಅವರಿಗಿಲ್ಲ. ಅರವತ್ತೈದು ದಾಟಿದ ಬಡ ಹಿರಿಯರಿಗೆ ನಮ್ಮ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1,200 ರೂಪಾಯಿ. ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳಿಗೇ ಅದರ ದೊಡ್ಡ ಪಾಲು ಹೋಗುವ ಮನೆಗಳನ್ನು ನಾವು ಕಂಡಿದ್ದೇವೆ.

ಹಾಗಾದರೆ ಮಕ್ಕಳನ್ನು ಹೆಚ್ಚು ಹೆತ್ತರಾಯಿತಲ್ಲ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯುವಂತೆ ಬಹಿರಂಗವಾಗಿಯೇ ಕರೆ ಕೊಟ್ಟರು. ಇದರ ರಾಜಕೀಯ ಮುಖವನ್ನು ಪತ್ರಿಕೆಗಳಿಗೆ ಬಿಡುತ್ತೇವೆ. ವೈದ್ಯಕೀಯ ದೃಷ್ಟಿಯಿಂದ ಹೇಳಬೇಕಾದುದು ಇಷ್ಟೆ: 2045ರಲ್ಲಿ ಅರವತ್ತು ದಾಟುವವರೆಲ್ಲ ಈಗಾಗಲೇ ಹುಟ್ಟಿ ಬೆಳೆದು ನಲವತ್ತರ ಆಸುಪಾಸಿನಲ್ಲಿದ್ದಾರೆ. ಇಂದು ತೊಟ್ಟಿಲು ತೂಗಿದರೆ ಅವರ ಮುಪ್ಪು ನಿಲ್ಲುವುದಿಲ್ಲ. ದಕ್ಷಿಣ ಕೊರಿಯಾ ಅಪಾರ ಹಣ ಸುರಿದರೂ ಅಲ್ಲಿಯ ಸರಾಸರಿ 2023ರಲ್ಲಿ 0.72ಕ್ಕೆ ಕುಸಿಯಿತು. ಅಲ್ಲದೆ, ಹೆರು ಎಂದಾಗ ಹೆರಲು, ಬೇಡ ಎಂದಾಗ ನಿಲ್ಲಿಸಲು ಹೆಣ್ಣಿನ ಒಡಲು ಸರಕಾರದ ಕಣಜವಲ್ಲ.

ಇನ್ನು ನಮ್ಮ ಕೈಯಲ್ಲಿರುವ ಸಂಗತಿಗಳಿಗೆ ಬರೋಣ. ಮುಂದಿನ ಸಮಾಜಕ್ಕೆ ಹಿರಿಯರ ಭಾರ ಎಷ್ಟು ಎಂಬುದು ಅವರ ಸಂಖ್ಯೆಗಿಂತ ಹೆಚ್ಚಾಗಿ ಅವರು ಎಷ್ಟು ವರ್ಷ ತಮ್ಮ ಕಾಲ ಮೇಲೆ ತಾವು ನಿಲ್ಲಬಲ್ಲರು ಎಂಬುದನ್ನು ಅವಲಂಬಿಸಿದೆ. ಎಂಬತ್ತರಲ್ಲೂ ತಾವೇ ಸ್ನಾನ ಮಾಡಿ, ಅಂಗಳಕ್ಕೆ ಬಂದು ಕುಳಿತು, ಮೊಮ್ಮಕ್ಕಳಿಗೆ ಬುದ್ಧಿ ಹೇಳುವ ಅಜ್ಜ ಯಾರಿಗೆ ಭಾರ? ಅರವತ್ತೈದಕ್ಕೇ ತೊಡೆಯ ಮೂಳೆ ಮುರಿದು ಮಲಗಿದವರ ಮನೆಯ ಸ್ಥಿತಿ ಬೇರೆ.

ಮುಪ್ಪಿನಲ್ಲಿ ಬೀಳುವುದನ್ನು ನಾವು ವಿಧಿಯೆಂದು ಬಿಟ್ಟುಬಿಡುತ್ತೇವೆ. ಬಿದ್ದ ಕಥೆ ಕೇಳಿದರೆ ಸಾಮಾನ್ಯವಾಗಿ ಮೂರು ಸ್ಥಳಗಳು ಹೊರಡುತ್ತವೆ: ಬಚ್ಚಲ ಕಲ್ಲು, ಹೊಸ್ತಿಲು, ರಾತ್ರಿ ಮೂತ್ರಕ್ಕೆ ಎದ್ದಾಗಿನ ಕತ್ತಲು. ನಸುಕಿನಲ್ಲಿ ಮಿಂದು, ಒದ್ದೆಗಾಲಲ್ಲೇ ಪೂಜೆಗೆ ನಡೆಯುವ ರೂಢಿಯಿರುವ ನಮ್ಮ ಮನೆಗಳಲ್ಲಿ ಬಚ್ಚಲಿನಿಂದ ದೇವರ ಕೋಣೆಯವರೆಗಿನ ಹತ್ತು ಹೆಜ್ಜೆಗಳು ನಿಜಕ್ಕೂ ಅಪಾಯದವು. ಬಚ್ಚಲಲ್ಲಿ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ, ನೆಲಕ್ಕೆ ಜಾರದ ಹಾಸು, ರಾತ್ರಿ ಉರಿಯುವ ಸಣ್ಣ ದೀಪ, ಇವಿಷ್ಟಕ್ಕೆ ತಗಲುವ ಹಣ ಒಂದು ದಿನದ ಆಸ್ಪತ್ರೆಯ ಖರ್ಚಿಗಿಂತ ಕಡಿಮೆ. ನೆಲದ ಮೇಲೆ ಕುಳಿತು ಏಳಲಾಗದವರು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿಕೊಂಡರೆ ಯಾವ ದೋಷವೂ ಇಲ್ಲ. ಸಂಕೋಚಪಟ್ಟು ನೆಲಕ್ಕೆ ಕೂತು ಏಳುವಾಗ ಬಿದ್ದವರನ್ನು ನಾವು ಉಪಚರಿಸಿದ್ದೇವೆ. ಮಲಗಿದ್ದವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಮೊದಲು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಆಮೇಲೆ ಏಳಬೇಕು.

ಬೀಳುವುದಕ್ಕೆ ಇನ್ನೊಂದು ಕಾರಣ ಸ್ನಾಯುಗಳ ಸವಕಳಿ. ನಲವತ್ತರ ನಂತರ ಮೆಲ್ಲನೆ ಆರಂಭವಾಗುವ ಈ ಸವಕಳಿ ಅರವತ್ತರ ಮೇಲೆ ವೇಗ ಪಡೆಯುತ್ತದೆ. ಹಲ್ಲು ಹೋದ ಹಿರಿಯರು ಮೊದಲು ಬಿಡುವುದು ಕಟಕ್ ರೊಟ್ಟಿ ಮತ್ತು ಕಾಳಿನ ಪಲ್ಯವನ್ನು. ಕೊನೆಗೆ ಅವರ ಊಟ ಮೆತ್ತಗಿನ ಅನ್ನ ಮತ್ತು ತಿಳಿಸಾರಿಗೆ ಬಂದು ನಿಲ್ಲುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಸ್ನಾಯು ಹಸಿದಿರುತ್ತದೆ. ಹೆಸರುಬೇಳೆ, ತೊಗರಿಬೇಳೆಯ ಗಟ್ಟಿ ಕಟ್ಟು, ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ, ಮೊಳಕೆ ಬರಿಸಿ ಬೇಯಿಸಿದ ಮಡಕಿಕಾಳು, ಹಾಲಿನಲ್ಲಿ ನೆನೆಸಿದ ರೊಟ್ಟಿ, ಎರಡು ಹೊತ್ತು ಮೊಸರು ಅವರ ತಟ್ಟೆಯಲ್ಲಿರಲಿ. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳಿ ಮುಂದುವರಿಯಬೇಕು. ಹೊಲದ ಕೆಲಸ ಬಿಟ್ಟವರು ದಿನಕ್ಕೆರಡು ಸಲ, ಕಿಟಕಿಯ ಸರಳು ಹಿಡಿದು, ಕುರ್ಚಿಯಿಂದ ಹತ್ತು ಬಾರಿ ಎದ್ದು ಕುಳಿತರೂ ತೊಡೆಗಳಿಗೆ ಕಸುವು ಬರುತ್ತದೆ.

ಶಾಕಾಹಾರಿಗಳಾದ ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕಾದದ್ದು ಬಿ12 ಜೀವಸತ್ವದ ಬಗ್ಗೆ. ಧಾನ್ಯದಲ್ಲಿ, ತರಕಾರಿಯಲ್ಲಿ ಅದಿಲ್ಲ. ನಮಗೆ ಸಿಗುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ, ತಿಂದದ್ದರಲ್ಲಿರುವ ಅಲ್ಪಸ್ವಲ್ಪವೂ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ, ವರ್ಷಗಟ್ಟಲೆ ನುಂಗುವ ಆಮ್ಲಪಿತ್ತದ ಮಾತ್ರೆಯೂ ಕೊರತೆಯನ್ನು ಹೆಚ್ಚಿಸುತ್ತವೆ. ಅಂಗಾಲು ಜೋಮು ಹಿಡಿಯುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ನಾಲಿಗೆ ಉರಿ, ಮರೆವು, ಇವೆಲ್ಲ ಅದರ ಲಕ್ಷಣಗಳು. ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ, ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಹೋಗುತ್ತದೆ. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಮರಳದು. ಮೂರು ಸಲ ಬಿದ್ದಿದ್ದ ಆ ಅಜ್ಜಿಯ ರಕ್ತದಲ್ಲಿ ಸಿಕ್ಕದ್ದೂ ಇದೇ ಕೊರತೆ. ಅವರ ಮನೆಯ ಹೈನು ಡೇರಿಗೆ ಹೋಗುತ್ತಿತ್ತು. ಅವರು ಕುಡಿಯುತ್ತಿದ್ದದ್ದು ಕಪ್ಪು ಚಹಾ.

ಮರೆವಿನ ಬಗ್ಗೆ ಇನ್ನಷ್ಟು ಹೇಳಬೇಕು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಎಷ್ಟು ಕಾಯಿಲೆಗಳನ್ನು ಮುಚ್ಚಿಟ್ಟಿದೆಯೋ! ಚಾಳೀಸು ಎಲ್ಲಿಟ್ಟೆ ಎಂದು ಹುಡುಕುವುದು ಸಹಜ; ಚಾಳೀಸು ಯಾತಕ್ಕೆ ಎಂಬುದೇ ತಿಳಿಯದಿರುವುದು ಕಾಯಿಲೆ. ದಿನಾ ನಡೆದ ಓಣಿಯಲ್ಲಿ ದಾರಿ ತಪ್ಪುವುದು, ಉಂಡು ಕೈತೊಳೆದ ಮೇಲೆ ಊಟ ಕೊಟ್ಟಿಲ್ಲ ಎಂದು ಜಗಳಾಡುವುದು, ಸೊಸೆ ಕದ್ದಳೆಂದು ಆರೋಪಿಸುವುದು ಡಿಮೆನ್ಷಿಯಾ ಎಂಬ ಮಿದುಳಿನ ರೋಗದ ಚಿಹ್ನೆಗಳಾಗಿರಬಹುದು. ದೇಶದಾದ್ಯಂತ ನಡೆದ ಹಿರಿಯರ ಅಧ್ಯಯನವೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಇದಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು. ಇದನ್ನರಿಯದ ಮನೆಗಳಲ್ಲಿ ಎಷ್ಟೋ ಸೊಸೆಯಂದಿರು ಮಾಡದ ಕಳ್ಳತನದ ಮಾತು ಕೇಳಿ ಕಣ್ಣೀರು ಹಾಕಿದ್ದಾರೆ. ಬಿ12ರ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕಿವಿ ಕೇಳದಿರುವುದು ಇವೂ ಮರೆವಿನ ವೇಷ ಧರಿಸಿ ಬರುತ್ತವೆ. ಇವು ಗುಣವಾಗುವಂಥವು, ಅಥವಾ ಸುಧಾರಿಸುವಂಥವು. ಆದ್ದರಿಂದ ಪರೀಕ್ಷೆ ಮಾಡಿಸದೆ ಅರಳು ಮರಳು ಎಂಬ ತೀರ್ಪು ಕೊಡಬಾರದು.

ನಮ್ಮ ಹಿರಿಯ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನ ವಿಧವೆಯರು ಎಂಬ ಸಂಗತಿಯೂ ಇಲ್ಲಿ ಲಕ್ಷ್ಯಕ್ಕೆ ಬರಬೇಕು. ಹೆಣ್ಣು ಹೆಚ್ಚು ಕಾಲ ಬದುಕುತ್ತಾಳೆ, ಆದರೆ ಆಸ್ತಿ ಅವಳ ಹೆಸರಿನಲ್ಲಿರುವುದು ಅಪರೂಪ. ಹೊಲ ಮನೆಗಳನ್ನು ಮಕ್ಕಳ ಹೆಸರಿಗೆ ಮಾಡಿಕೊಡುವ ಹಿರಿಯರು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯನ್ನು ತಿಳಿದಿರಬೇಕು. ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆರೈಕೆ ತಪ್ಪಿದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿ ಹಿಂಪಡೆಯಬಹುದು. ಆ ಷರತ್ತನ್ನು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆಸಿರುವುದು ಲೇಸು. ಹಿರಿಯರ ಉಚಿತ ಸಹಾಯವಾಣಿ 14567. ಈ ಸಂಖ್ಯೆಯನ್ನು ಗೋಡೆಯ ಮೇಲಿನ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.

ಹಾಗಿದ್ದರೂ ಕಾನೂನಿನಿಂದ ಆರೈಕೆ ಹುಟ್ಟುವುದಿಲ್ಲ. ಮುಂದಿನ ದಿನಗಳಲ್ಲಿ ಹಿರಿಯರನ್ನು ನೋಡಿಕೊಳ್ಳುವುದು ಒಂದು ಪೂರ್ಣಪ್ರಮಾಣದ ಕಾಯಕವಾಗಲಿದೆ. ಬೆಂಗಳೂರಿನ ಅನೇಕ ಮನೆಗಳಲ್ಲಿ ಈಗಾಗಲೇ ಹೊರರಾಜ್ಯಗಳಿಂದ ಬಂದ ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತಿದ್ದಾರೆ. ಬಿಹಾರದಲ್ಲಿ ಮಕ್ಕಳ ಸರಾಸರಿ ಇನ್ನೂ 3ರಷ್ಟಿರುವುದರಿಂದ ಈ ವಲಸೆ ಹೆಚ್ಚುವುದೇ ಹೊರತು ನಿಲ್ಲದು. ಅವರ ಭಾಷೆ ಅಜ್ಜಿಗೆ ಬಾರದು, ಅಜ್ಜಿಯ ಭಾಷೆ ಅವರಿಗೆ ಬಾರದು. ಆದರೂ ಸ್ನಾನ ಮಾಡಿಸುವ ಕೈ ಅವರದೇ. ಅವರನ್ನು ಮನೆಯವರಂತೆ ಕಾಣುವುದನ್ನು ನಾವು ಈಗಿನಿಂದಲೇ ಕಲಿಯಬೇಕು. ನಮ್ಮ ಊರುಗಳ ಯುವಕ ಯುವತಿಯರಿಗೂ ಈ ವಿದ್ಯೆಯನ್ನು ಕಲಿಸಬಹುದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹುಣ್ಣಾಗದಂತೆ ಬೆನ್ನು ನೋಡಿಕೊಳ್ಳುವುದು, ಉಸಿರುಗಟ್ಟದಂತೆ ಉಣಿಸುವುದು ಕಲಿತು ಬರುವ ಕೌಶಲಗಳು. ಮಕ್ಕಳಿಲ್ಲದೆ ಮುಚ್ಚುತ್ತಿರುವ ಶಾಲೆಯ ಒಂದು ಕೋಣೆಯಲ್ಲಿ ಹಿರಿಯರು ಹಗಲು ಹೊತ್ತು ಸೇರಿ ಉಂಡು, ಮಾತಾಡಿ, ಸಂಜೆ ಮನೆಗೆ ಹೋಗುವಂತಾದರೆ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಚಿಂತೆಯಿಲ್ಲದೆ ಕೆಲಸಕ್ಕೆ ಹೋದಾರು.

ಹೆಣ್ಣುಮಕ್ಕಳು ಎಂದೆವು, ಏಕೆಂದರೆ ಇಂದಿಗೂ ಈ ಹೊರೆಯನ್ನು ಹೊತ್ತವರು ಅವರೇ. ತಂದೆಯ ಕಾಲೊತ್ತುವ ಮಗನನ್ನು ಊರೇ ಹೊಗಳುತ್ತದೆ. ಹತ್ತು ವರ್ಷ ಅತ್ತೆಯ ಮಲಮೂತ್ರ ಬಳಿದ ಸೊಸೆಯ ಬೆನ್ನು ನೋವನ್ನು ಕೇಳುವವರಿಲ್ಲ.

ಆ ದಿನ ಸಂಜೆ ಸಾಮಾನು ಕಟ್ಟುತ್ತಿದ್ದಾಗ ಅಜ್ಜಿಯನ್ನು ಕರೆತಂದಿದ್ದ ಹುಡುಗಿ ಮತ್ತೆ ಬಂದು ಬಾಗಿಲಲ್ಲಿ ನಿಂತಳು. "ಸಾಹೇಬ್ರ, ನಮ್ಮವ್ವಗ ಐವತ್ತರ ಹತ್ರ ಬಂದಾವ್ರಿ. ಆಕೀದೂ ಒಮ್ಮೆ ನೋಡ್ತೀರೇನ್ರಿ?" ಎಂದಳು. ಅಜ್ಜಿಗೆ ಎರಡು ಹೊತ್ತು ರೊಟ್ಟಿ ಪಲ್ಯ ಕೊಟ್ಟು, ರಾತ್ರಿ ಹೋಗಿ ಮಲಗಿಸಿ ಬರುತ್ತಿದ್ದವಳು ಆ ತಾಯಿಯೇ ಎಂಬುದು ನಮಗೆ ಆಗ ತಿಳಿಯಿತು. ಹೊಲದಿಂದ ನೇರ ಬಂದಿದ್ದ ಆಕೆ ಒಲ್ಲೆ ಒಲ್ಲೆ ಎನ್ನುತ್ತಲೇ ಕೈ ಚಾಚಿದಳು. ಜೀವನದಲ್ಲಿ ಒಮ್ಮೆಯೂ ಅಳೆಸಿರದ ರಕ್ತದೊತ್ತಡ 170ರ ಮೇಲಿತ್ತು. ಸ್ವಲ್ಪ ಕೂಡ್ರಿಸಿ ಇನ್ನೊಮ್ಮೆ ಅಳೆದೆವು, ಅಷ್ಟೇ ಇತ್ತು. ಮಾತ್ರೆ ಬರೆದುಕೊಟ್ಟು, ಬರುವ ತಿಂಗಳು ಅಜ್ಜಿಯ ಜೊತೆಗೆ ತಾನೂ ಬರಬೇಕೆಂದು ಹೇಳಿ, ಇಬ್ಬರ ಹೆಸರನ್ನೂ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದುಕೊಂಡೆವು.